ಮಾಡ್ಯುಲರ್ ಪಿಸ್ತೂಲು: ಪೊಲೀಸ್ ಇಲಾಖೆಗೆ ಲಾಭ, ಬಿಡಿಭಾಗ ತಯಾರಕರಿಗೆ ಎಚ್ಚರಿಕೆ

ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ಯಲಾಯಿತು. ಸುಮಾರು 55 ಟನ್ ತೂಕದ ಅಖಂಡ ಎರಕವದು. 1854ರಲ್ಲಿ ಅದನ್ನು ನಿರುಪಯೋಗಿ ದಾಸ್ತಾನೆಂದು ಹರಾಜಿಗಿಟ್ಟಾಗ ಬಂದ ಹೆಚ್ಚಿನ ಸವಾಲು 150 ರೂಪಾಯಿ ಮಾತ್ರ. ನಮ್ಮ ಪುಣ್ಯ, ಮಾರಾಟ ರದ್ದಾಯಿತು. ಅಖಂಡ ವಸ್ತುವಿನ ಪಾಡೇ ಹೀಗೆ. ಕಾಲ ಬದಲಾದರೆ ಇಡೀ ವಸ್ತುವೇ ಗುಜರಿ.

ಇದಕ್ಕೆ ತದ್ವಿರುದ್ಧವಾದುದು ಮಾಡ್ಯುಲರ್ ಪಿಸ್ತೂಲು. 2017ರ ಜನವರಿಯಲ್ಲಿ ಅಮೆರಿಕದ ಭೂಸೇನೆಯು ಸಿಗ್ ಸಾವರ್ ಕಂಪನಿಯ ಪಿ-320 ಮಾದರಿಯನ್ನು ಆಯ್ದು, 58 ಕೋಟಿ ಡಾಲರ್‌ವರೆಗಿನ ಗುತ್ತಿಗೆ ನೀಡಿತು. ಇದರಲ್ಲಿ ಕ್ರಮಸಂಖ್ಯೆಯಿರುವುದು ಒಳಗಿನ ಗುಂಡುಹಾರಿಸುವ ಯಂತ್ರಭಾಗದ ಮೇಲೆ. ಹಿಡಿ, ನಳಿಕೆ, ಮೇಲಿನ ಸ್ಲೈಡ್ ಇವೆಲ್ಲ ಬದಲಿಸಬಹುದಾದ ಭಾಗಗಳು. ಚಿಕ್ಕ ಕೈಯ ಮಹಿಳಾ ಪೇದೆಗೆ ಚಿಕ್ಕ ಹಿಡಿ, ದೊಡ್ಡ ಕೈಯವರಿಗೆ ದೊಡ್ಡದು. ಸಮವಸ್ತ್ರದವರಿಗೆ ಉದ್ದ ನಳಿಕೆ, ಮಫ್ತಿಯವರಿಗೆ ಗಿಡ್ಡದು. ತರಬೇತಿ ಮಾತ್ರ ಒಂದೇ. ಶಸ್ತ್ರಾಗಾರದಲ್ಲಿ ಹಲವು ಮಾದರಿಗಳ ಬಿಡಿಭಾಗ ಕೂಡಿಡುವ ಅಗತ್ಯವಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ ಇದು ನಮಗೆ ಹೊಸತಲ್ಲ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಯಂತ್ರದ ಮುಖ್ಯ ಭಾಗಗಳ ಆಯುಷ್ಯ ಬೇರೆಯಾಗಿದ್ದರೆ ಸವಕಳಿಯನ್ನೂ ಬೇರೆಯಾಗಿಯೇ ಲೆಕ್ಕ ಹಾಕಲು ಹೇಳುತ್ತದೆ. ಅದೇ ತತ್ತ್ವವಿದು: ಸವೆದ ಭಾಗವನ್ನಷ್ಟೇ ಬದಲಿಸಿ, ಉಳಿದ ಸ್ವತ್ತನ್ನು ದುಡಿಸುವುದು. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿರುವುದರಿಂದ ಇಡೀ ಆಯುಧವನ್ನು ಮತ್ತೆ ಮತ್ತೆ ಕೊಳ್ಳುವುದು ಇನ್ನಷ್ಟು ದುಬಾರಿ.

ಆದರೆ ದೋಷವಿಲ್ಲವೆಂದಲ್ಲ. ಟ್ರಿಗರ್ ಒತ್ತದೆಯೇ ಗುಂಡು ಹಾರಿತೆಂಬ ಆಪಾದನೆಗಳಿಂದ ಪಿ-320 ವಿರುದ್ಧ ಅಮೆರಿಕದಲ್ಲಿ ಹಲವು ದಾವೆಗಳು ಹೂಡಲ್ಪಟ್ಟವು. ಕೆಲವು ಪೊಲೀಸ್ ಇಲಾಖೆಗಳು ಬಳಕೆ ನಿಲ್ಲಿಸಿದವು. ಕಂಪನಿಯು ಆಪಾದನೆಗಳನ್ನು ಅಲ್ಲಗಳೆದಿದೆ. ಎಲ್ಲಕ್ಕೂ ಆಧಾರವಾದ ಒಂದೇ ಯಂತ್ರಭಾಗದ ಮೇಲೆ ಸಂಶಯ ಬಂದರೆ ಇಡೀ ದಾಸ್ತಾನಿನ ಮೇಲೆಯೇ ಸಂಶಯ ಬಂದಂತೆ.

ಈಚೆಗೆ ಇಟ್ಟಂಗಿಹಾಳದ ಕಡೆಯಿಂದ ಬಂದ, ಲೇತ್ ಕಾರ್ಖಾನೆಯ ಕಕ್ಷಿದಾರರೊಬ್ಬರು ಕೇಳಿದರು: "ಸಾಹೇಬ್ರ, ಇಂಥ ಬಿಡಿಭಾಗದ ಜಾಬ್ ವರ್ಕ್ ಬಂದ್ರ ಹಿಡಿಬಹುದೇನ್ರಿ?" ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಸ್ಪ್ರಿಂಗ್ ತಯಾರಕ ಸಂಸ್ಥೆ ಸ್ಟಂಪ್ ಶೂಲೆ ಅಂಡ್ ಸೋಮಪ್ಪದ ಬಳಗದಿಂದಲೇ ಎಸ್‌ಎಸ್‌ಎಸ್ ಡಿಫೆನ್ಸ್ ಹುಟ್ಟಿ ರೈಫಲುಗಳನ್ನು ತಯಾರಿಸುತ್ತಿದೆ. 2017ರಲ್ಲಿ ನಿಯಮ ಸಡಿಲಿಸಿದಾಗ, ಬಂದೂಕೊಂದಕ್ಕೆ 500 ರೂಪಾಯಿಯಂತಿದ್ದ ಪರವಾನಗಿ ಶುಲ್ಕವು ಒಟ್ಟು 5,000ದಿಂದ 50,000 ರೂಪಾಯಿಯ ಮಿತಿಗೆ ಇಳಿಯಿತು.

ಆದರೆ 1959ರ ಆಯುಧ ಕಾಯ್ದೆಯಲ್ಲಿ 'ಆಯುಧ' ಎಂಬುದರೊಳಗೆ ಅದರ ಬಿಡಿಭಾಗಗಳೂ, ಅವನ್ನು ತಯಾರಿಸುವ ಯಂತ್ರಗಳೂ ಸೇರಿವೆ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸವಿದೆ. ಆದ್ದರಿಂದ ಅವರಿಗೆ ನಾನು ಹೇಳಿದ್ದಿಷ್ಟು: ನಕಾಶೆಯಲ್ಲಿರುವ ವಸ್ತು ಯಾವುದಕ್ಕೆ ಬಳಕೆಯಾಗುವುದೆಂದು ಲಿಖಿತವಾಗಿ ಪಡೆಯಿರಿ, ಅದು ಆಯುಧದ ಭಾಗವಾದರೆ, ಆರ್ಡರು ಕೊಟ್ಟವರ ಪರವಾನಗಿಯೇ ನಿಮ್ಮನ್ನು ಕಾಯುತ್ತದೆಂದು ನಂಬದೆ, ನಿಮ್ಮ ಪರವಾನಗಿಯ ವಿಷಯವನ್ನು ವಕೀಲರಲ್ಲಿ ಇತ್ಯರ್ಥಪಡಿಸಿಕೊಂಡ ಮೇಲೆಯೇ ಮುಂಗಡ ಸ್ವೀಕರಿಸಿರಿ.