ಉಷ್ಣಸ್ಥಾವರದ ಮುಪ್ಪು: ರಾಯಚೂರು ಮತ್ತು ಶೀತಪ್ರದೇಶದ ಒಂದು ಹೋಲಿಕೆ

ಪುತ್ತೂರು, ಸುಳ್ಯ, ಕಡಬ ಸೀಮೆಯ ಹಳೆಯ ಮನೆಗಳಲ್ಲಿ ಅಡುಗೆಯ ಒಲೆಯ ಮೇಲ್ಗಡೆ ಒಂದು ಅಟ್ಟವಿರುವುದುಂಟು. ಮಳೆಗಾಲದ ತಿಂಗಳುಗಳಲ್ಲಿ ಒಲೆಯ ಕಾವೂ ಹೊಗೆಯೂ ಅಲ್ಲಿ ಪೇರಿಸಿಟ್ಟ ಕಟ್ಟಿಗೆಯನ್ನು, ತೆಂಗಿನಕಾಯಿಯನ್ನು ಒಣಗಿಸುತ್ತವೆ. ಅನ್ನ ಬೇಯಿಸಲೆಂದು ಹೊತ್ತಿಸಿದ ಬೆಂಕಿಯೇ ಇನ್ನೊಂದು ಕೆಲಸವನ್ನೂ ಮಾಡಿಕೊಡುತ್ತದೆ. ಅದಕ್ಕೆ ಬೇರೆ ಸೌದೆ ಬೇಕಾಗುವುದಿಲ್ಲ. ಶೀತಪ್ರದೇಶಗಳ ಕಲ್ಲಿದ್ದಲ ಸ್ಥಾವರಗಳ ತತ್ತ್ವವೂ ಇದೇ. ಅಲ್ಲಿ ಬೆಂಕಿಯು ಮೊದಲು ವಿದ್ಯುತ್ತನ್ನು ಉತ್ಪಾದಿಸಿ, ಉಳಿದ ಕಾವಿನಿಂದ ಊರಿನ ಮನೆಗಳನ್ನು ಬೆಚ್ಚಗಿಡುತ್ತದೆ. ನಮ್ಮ ರಾಜ್ಯದ ದೊಡ್ಡ ಕಲ್ಲಿದ್ದಲ ಸ್ಥಾವರಗಳಿಗೆ ಈ ಎರಡನೆಯ ಕೆಲಸವಿಲ್ಲ. ಸ್ಥಾವರಕ್ಕೆ ಮುಪ್ಪು ಬಂದಾಗ ಅದನ್ನು ಏನು ಮಾಡಬೇಕೆಂಬ ಪ್ರಶ್ನೆಯು ಎರಡು ಕಡೆಗಳಲ್ಲಿ ಬೇರೆಬೇರೆಯಾಗಿ ತೋರುವುದು ಈ ಕಾರಣದಿಂದಲೇ. ರಾಯಚೂರಿನ ಸ್ಥಾವರವನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಕರ್ನಾಟಕದ ವಿದ್ಯುತ್ತಿನ ಚರಿತ್ರೆಯು ಬಹುಕಾಲ ನೀರಿನ ಚರಿತ್ರೆಯಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. 1948ರಲ್ಲಿ ಜೋಗದ ಸ್ಥಾವರ, 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮತ್ತು ಶರಾವತಿಯ ಮಹಾಯೋಜನೆ ಬಂದವು. ನಮ್ಮ ತಾಲೂಕುಗಳು 1956ರ ನವೆಂಬರಿನವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದುದರಿಂದ ಈ ಕಥೆಯ ಪೂರ್ವಾರ್ಧದಲ್ಲಿ ನಮಗೆ ಪಾಲಿರಲಿಲ್ಲ. ಉತ್ತರಾರ್ಧದಲ್ಲಿ ಮಾತ್ರ ಪೂರ್ಣವಾಗಿ ಪಾಲುಗಾರರಾದೆವು. ನೀರನ್ನೇ ನಂಬಿದ ವ್ಯವಸ್ಥೆಗೆ ಒಂದು ದೌರ್ಬಲ್ಯವುಂಟು. ಮಳೆ ಕೈಕೊಟ್ಟ ವರ್ಷ ಜಲಾಶಯವೂ ಕೈಕೊಡುತ್ತದೆ. ಕೈಗಾರಿಕೆಗಳೂ ನೀರಾವರಿ ಪಂಪುಗಳೂ ಹೆಚ್ಚಿದಂತೆ ಈ ದೌರ್ಬಲ್ಯ ವಿದ್ಯುತ್ ಕಡಿತದ ರೂಪದಲ್ಲಿ ಎಲ್ಲರ ಅನುಭವಕ್ಕೂ ಬಂದಿತು.

ಇದಕ್ಕೆ ಕಂಡುಕೊಂಡ ಪರಿಹಾರವೇ ರಾಯಚೂರು ಜಿಲ್ಲೆಯ ದೇವಸುಗೂರಿನ ಬಳಿ, ಕೃಷ್ಣಾ ನದಿಯ ದಂಡೆಯಲ್ಲಿ ಎದ್ದ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರ. ಅದರ ಮೊದಲ ಘಟಕ 1985ರಲ್ಲಿ, ಎರಡನೆಯದು 1986ರಲ್ಲಿ ಕೆಲಸ ಆರಂಭಿಸಿದವು. ಏಳನೆಯ ಘಟಕ 2002ರಲ್ಲಿಯೂ ಎಂಟನೆಯದು 2010ರಲ್ಲಿಯೂ ಬಂದವು. ಮೊದಲಿನ ಏಳು ತಲಾ 210 ಮೆಗಾವಾಟಿನವು, ಕೊನೆಯದು 250ರದು. ಒಟ್ಟು 1720 ಮೆಗಾವಾಟ್. ರಾಜ್ಯದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲದುದರಿಂದ ಸಿಂಗರೇಣಿ, ಮಹಾರಾಷ್ಟ್ರ ಮತ್ತು ಒಡಿಶಾದ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲನ್ನು ತರಿಸಬೇಕಾಯಿತು. ನಮಗೆ ದೂರದಲ್ಲಿ ಸಮೀಪದ್ದೆಂದರೆ ಉಡುಪಿ ಜಿಲ್ಲೆಯ ಎಲ್ಲೂರಿನ ಸ್ಥಾವರ. ಆದರೆ ಅದು 2010ರ ಈಚಿನದು, ಹಡಗಿನಲ್ಲಿ ಬರುವ ವಿದೇಶದ ಕಲ್ಲಿದ್ದಲನ್ನು ಉರಿಸುವಂತಹದು. ಮುಪ್ಪಿನ ವಿಚಾರಕ್ಕೆ ರಾಯಚೂರೇ ತಕ್ಕ ಉದಾಹರಣೆ.

ಸ್ಥಾವರದ ಒಳಗೆ ನಡೆಯುವುದೇನು? ಹಿಟ್ಟಿನಂತೆ ಪುಡಿಮಾಡಿದ ಕಲ್ಲಿದ್ದಲನ್ನು ಗಾಳಿಯೊಡನೆ ಬಾಯ್ಲರಿಗೆ ಊದಿ ಉರಿಸುತ್ತಾರೆ. ಬಾಯ್ಲರಿನ ಗೋಡೆಗಳೆಲ್ಲ ನೀರು ಹರಿಯುವ ಉಕ್ಕಿನ ಕೊಳವೆಗಳೇ. ಆ ನೀರು ಸುಮಾರು 540 ಡಿಗ್ರಿ ಸೆಲ್ಸಿಯಸ್ ಶಾಖದ ಉಗಿಯಾಗಿ ಟರ್ಬೈನಿನ ಚಕ್ರವನ್ನು ತಿರುಗಿಸುತ್ತದೆ. ಚಕ್ರದೊಡನೆ ತಿರುಗುವ ಜನಕಯಂತ್ರ ವಿದ್ಯುತ್ತನ್ನು ಕೊಡುತ್ತದೆ. ದುಡಿದು ದಣಿದ ಉಗಿಯನ್ನು ಪುನಃ ನೀರಾಗಿಸಿದರೆ ಮಾತ್ರ ಬಾಯ್ಲರಿಗೆ ಮರಳಿಸಲು ಬರುತ್ತದೆ. ಹೀಗೆ ತಣಿಸುವಾಗ ಹೊರಬೀಳುವ ಶಾಖವನ್ನು ತಣ್ಣೀರು ಹೀರಿಕೊಂಡು, ಶೀತಲಗೋಪುರಗಳ ಮೂಲಕ ಆಕಾಶಕ್ಕೆ ಬಿಡುತ್ತದೆ. ಈ ಬಗೆಯ ಘಟಕಗಳಲ್ಲಿ ಕಲ್ಲಿದ್ದಲಿನ ಶಾಖದ ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲೆಂದು ಹಿಡಿದರೆ, ಪೂರ್ಣಶಕ್ತಿಯಲ್ಲಿ ನಡೆಯುವ 210 ಮೆಗಾವಾಟಿನ ಒಂದು ಘಟಕ ದಿನಕ್ಕೆ 3500 ಟನ್ನಿನಷ್ಟನ್ನು ಉರಿಸುತ್ತದೆ. ಅದರಲ್ಲಿ 2000 ಟನ್ನಿಗೂ ಹೆಚ್ಚಿನದರ ಶಾಖ ಬಹುಮಟ್ಟಿಗೆ ಗೋಪುರ, ಚಿಮಣಿಗಳ ಪಾಲು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಮನೆ ಬೆಚ್ಚಗಿರಿಸಲು ಕಾವನ್ನು ಕೊಂಡುಕೊಳ್ಳುವವರು ಯಾರು?

ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಎಲ್ಲರೂ ಕೊಳ್ಳುವವರೇ. ಅಲ್ಲಿಯ ಚಳಿಗಾಲದ ರಾತ್ರಿಗಳಲ್ಲಿ ಶಾಖವು ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ಸೋವಿಯತ್ ನೆರವಿನಿಂದ ಕಟ್ಟಿದ ಅಲ್ಲಿನ ಉಷ್ಣ-ವಿದ್ಯುತ್ ಸ್ಥಾವರಗಳಲ್ಲಿ ಮೂರನೆಯದು 1968ರದು, ನಾಲ್ಕನೆಯದು 1983ರದು. ಎಂದರೆ ರಾಯಚೂರಿಗೆ ಸುಮಾರಾಗಿ ಸಮವಯಸ್ಕ. ಟರ್ಬೈನಿನ ನಡುವಿನಿಂದಲೇ ಒಂದಷ್ಟು ಉಗಿಯನ್ನು ತೆಗೆದು, ಅದರಿಂದ ನೀರನ್ನು ಕಾಯಿಸಿ, ಹೊದಿಕೆ ಸುತ್ತಿದ ಕೊಳವೆಗಳಲ್ಲಿ ಊರಿಡೀ ಹರಿಸುತ್ತಾರೆ. ವಿದ್ಯುತ್ತು ಕೊಂಚ ಕಡಮೆಯಾದರೂ ಶಾಖದ ಒಟ್ಟು ಉಪಯೋಗ ಬಹಳ ಹೆಚ್ಚುತ್ತದೆ. 1990ರ ಬಳಿಕ ಸೋವಿಯತ್ ತಂತ್ರಜ್ಞರೂ ಬಿಡಿಭಾಗಗಳೂ ದೊರೆಯದೆ ನಾಲ್ಕನೆಯ ಸ್ಥಾವರ ಪದೇಪದೇ ಕೆಟ್ಟಾಗ, ಅದನ್ನು ಜಪಾನಿನ ನೆರವಿನಿಂದ ದುರಸ್ತಿಪಡಿಸಿ ಉಳಿಸಿಕೊಂಡರು. ಬೇರೆ ದಾರಿಯಿರಲಿಲ್ಲ. ಚಳಿಗಾಲದ ನಡುವೆ ಸ್ಥಾವರ ನಿಂತರೆ ಆರುವುದು ದೀಪವಷ್ಟೇ ಅಲ್ಲ; ಕೊಳವೆಯ ನೀರು ಹೆಪ್ಪುಗಟ್ಟಿ ಕೊಳವೆಯೇ ಬಿರಿಯುತ್ತದೆ. ಕೊಳವೆಜಾಲದ ಹೊರಗುಳಿದ ಬಡಾವಣೆಗಳ ಜನ ಒಲೆಗಳಲ್ಲಿ ಕಲ್ಲಿದ್ದಲನ್ನು ಉರಿಸಿ ಊರನ್ನೆಲ್ಲ ಹೊಗೆಯಿಂದ ತುಂಬಿದರು. 2019ರಲ್ಲಿ ಕಚ್ಚಾ ಕಲ್ಲಿದ್ದಲನ್ನು ನಿಷೇಧಿಸಬೇಕಾಯಿತು. ಹಳೆಯ ಸ್ಥಾವರವೆಂದರೆ ಅಲ್ಲಿ ಊರಿನ ಹೊದಿಕೆಯಿದ್ದಂತೆ. ಹರಿದರೆ ತೇಪೆ ಹಾಕಬೇಕು; ಬಿಸುಡಬೇಕಾದರೆ ಮೊದಲು ಇನ್ನೊಂದು ಕೈಯಲ್ಲಿರಬೇಕು.

ಇನ್ನು ಮುಪ್ಪೆಂದರೆ ಏನೆಂಬುದನ್ನು ನೋಡೋಣ. ಇಂಥ ಘಟಕಗಳ ಆಯುಷ್ಯವನ್ನು ಸಾಮಾನ್ಯವಾಗಿ 25 ವರ್ಷವೆಂದು ಲೆಕ್ಕ ಹಾಕುತ್ತಾರೆ. ರಾಯಚೂರಿನ ಮೊದಲ ಘಟಕಕ್ಕೆ 2025ರಲ್ಲಿ ನಾಲ್ವತ್ತು ತುಂಬಿತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು, ನೂರಕ್ಕೆ ಮೂವತ್ತರಿಂದ ನಾಲ್ವತ್ತು. ಈ ಬೂದಿ ಮರಳಿನಂತೆ ಉಜ್ಜಿ ಬಾಯ್ಲರಿನ ಕೊಳವೆಗಳನ್ನು ಸವೆಸುತ್ತದೆ. ಒಂದು ಕೊಳವೆ ಸೋರಿದರೂ ಘಟಕವನ್ನೇ ನಿಲ್ಲಿಸಬೇಕು. ಜೊತೆಗೆ, ವರ್ಷಾನುಗಟ್ಟಲೆ ಅತಿ ಶಾಖದಲ್ಲಿ, ಒತ್ತಡದಲ್ಲಿ ಇರುವ ಉಕ್ಕು ಕಣ್ಣಿಗೆ ಕಾಣದಷ್ಟು ಮೆಲ್ಲನೆ ಹಿಗ್ಗಿ ದುರ್ಬಲವಾಗುತ್ತದೆ. ಆದರೆ ಉಕ್ಕಿಗೆ ಎಲ್ಲಕ್ಕಿಂತ ಕಠಿನವಾದುದು ಕಾಯುವುದಲ್ಲ, ಕಾದು ತಣಿದು ಮತ್ತೆ ಕಾಯುವುದು. ಈ ಶಿಕ್ಷೆ ಹಳೆಯ ಘಟಕಗಳಿಗೆ ಈಚೆಗೆ ಹೆಚ್ಚಾಗಿದೆ. ಪಾವಗಡದ 2050 ಮೆಗಾವಾಟಿನ ಸೌರ ಉದ್ಯಾನದಂಥವು ಬಂದ ಮೇಲೆ ಹಗಲು ವಿದ್ಯುತ್ತು ಧಾರಾಳ. ಆಗ ಕಲ್ಲಿದ್ದಲ ಘಟಕ ತಗ್ಗಬೇಕು. ಸಂಜೆ ಸೂರ್ಯ ಇಳಿಯುತ್ತಲೇ ಏರಬೇಕು. ನಿಶ್ಚಲವಾದ ಹೊರೆಯನ್ನು ಹೊರಲೆಂದು ಕಟ್ಟಿದ ಯಂತ್ರಕ್ಕೆ ಮುಪ್ಪಿನಲ್ಲಿ ಕುಣಿತ ಕಲಿಸಿದಂತಾಗಿದೆ.

ಹಾಗಾದರೆ ಅದನ್ನು ಮುಚ್ಚಬಾರದೆ? ರಾಯಚೂರಿನಲ್ಲಿ ಹೆಪ್ಪುಗಟ್ಟುವ ಕೊಳವೆಗಳಿಲ್ಲ. ದೇವಸುಗೂರಿನ ಸುತ್ತಿನವರಿಗೆ ಬೂದಿಯ ಕಾಟ ತಗ್ಗುವುದು ಸಣ್ಣ ಲಾಭವೂ ಅಲ್ಲ. ಉಲಾನ್‌ಬಾತರ್‌ಗಿಂತ ನಮಗೆ ಈ ನಿರ್ಣಯ ಸುಲಭವೆಂದೇ ನಮ್ಮ ಅಭಿಪ್ರಾಯ. ಆದರೆ ಸುಲಭವೆಂದರೆ ನಿಶ್ಚಿಂತೆಯೆಂದಲ್ಲ. ಶಾಖದ ಅವಲಂಬನ ನಮಗಿಲ್ಲದಿದ್ದರೂ ಮಳೆಯ ಅವಲಂಬನವುಂಟು. ಘಟ್ಟದಲ್ಲಿ ಮಳೆ ಚೆನ್ನಾಗಿ ಸುರಿದ ವರ್ಷ ಶರಾವತಿ ದುಡಿಯುತ್ತದೆ, ರಾಯಚೂರು ವಿಶ್ರಮಿಸುತ್ತದೆ. 2023ರಂತೆ ಮಳೆ ಸೋತ ವರ್ಷ ಹಳೆಯ ಬಾಯ್ಲರುಗಳ ಮೇಲೆಯೇ ಹೊರೆ ಬೀಳುತ್ತದೆ. ಸುಳ್ಯ, ಕಡಬದ ಅಡಿಕೆ ತೋಟಗಳಿಗೆ ನೀರು ಅತ್ಯಗತ್ಯವಾಗುವುದು ಫೆಬ್ರವರಿಯಿಂದ ಮೇ ತಿಂಗಳವರೆಗೆ, ಎಂದರೆ ಜಲಾಶಯಗಳು ಇಳಿಮುಖವಾಗಿರುವ ಕಾಲದಲ್ಲಿಯೇ. ಹಗಲಿನ ಪಂಪನ್ನು ಸೂರ್ಯನೇ ನಡೆಸಬಲ್ಲ. ಪರೀಕ್ಷೆಗೆ ಓದುವ ವಿದ್ಯಾರ್ಥಿಯ ಸಂಜೆಯ ದೀಪಕ್ಕೆ ಹಗಲಿನ ಬಿಸಿಲನ್ನು ಕೂಡಿಡುವ ಏರ್ಪಾಡು ಬೇಕು: ದೊಡ್ಡ ಬ್ಯಾಟರಿಗಳು, ಇಲ್ಲವೆ ಹಗಲಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಇಳಿಸುವ ಯೋಜನೆಗಳು. ಅವು ಎಷ್ಟು ಬೇಗ ಕಾರ್ಯಕ್ಕೆ ಬರುವುವೋ, 1985ರ ಆ ಬಾಯ್ಲರಿಗೆ ಬಿಡುಗಡೆಯೂ ಅಷ್ಟು ಬೇಗ.