ಕಿವಿಯಿಂದ ಬಂದ ಕನ್ನಡ

ಶ್ರೀನಿವಾಸಪುರದ ಕಡೆಯ ನಮ್ಮ ಹಳ್ಳಿಯಲ್ಲಿ ವೈಶಾಖದ ರಾತ್ರಿಗಳೆಂದರೆ ಮಾವಿನ ತೋಪಿನ ಕಾವಲಿನ ರಾತ್ರಿಗಳು. ನನ್ನ ತಾತ ಗುಡಿಸಲಿನ ಮುಂದೆ ಕಂಬಳಿ ಹಾಸಿ ಕುಳಿತು ಹಾಡುತ್ತಿದ್ದರು. ಅವರ ಮನೆಮಾತು ತೆಲುಗು. ಸಂತೆಯ ವ್ಯವಹಾರ, ಮಕ್ಕಳನ್ನು ಗದರಿಸುವುದು, ದೇವರಲ್ಲಿ ಬೇಡುವುದು ಎಲ್ಲವೂ ಆ ಭಾಷೆಯಲ್ಲಿಯೇ. ಹಾಡಲು ತೊಡಗಿದರೆ ಮಾತ್ರ ಕನ್ನಡ. ಅದೂ ಎಂತಹ ಕನ್ನಡ! ಹಿರಣ್ಯಕಶಿಪುವಿನ ಕ್ರೋಧ, ಚಂದ್ರಮತಿಯ ಪ್ರಲಾಪ, ಸಂಧಾನಕ್ಕೆ ಬಂದ ಕೃಷ್ಣನ ನಯ, ಇವೆಲ್ಲ ಅಕ್ಷರವರಿಯದ ಆ ಒಕ್ಕಲಿನ ಬಾಯಲ್ಲಿ ಸರಾಗವಾಗಿ ಹರಿಯುತ್ತಿದ್ದವು. ಎಲ್ಲಿ ಕಲಿತಿರೆಂದು ಕೇಳಿದರೆ ಕೋಲಾರದ ದಿಕ್ಕಿಗೆ ಕೈಮಾಡಿ, “ಕಂಪನಿ ನಾಟಕದಲ್ಲಿ” ಎನ್ನುತ್ತಿದ್ದರು.

ಪಾಶ್ಚಾತ್ಯರು ತಮ್ಮ ಆಪೆರಾ ಕಲಾವಿದರನ್ನು ನೆನೆಯುವ ರೀತಿಯನ್ನು ಓದುವಾಗಲೆಲ್ಲ ನನಗೆ ಈ ಮಾವಿನ ತೋಪು ನೆನಪಾಗುತ್ತದೆ. 1901ರಲ್ಲಿ ಇಟಲಿಯ ವೆರ್ದಿ ತೀರಿಕೊಂಡಾಗ, ಮಿಲಾನ್ ನಗರದಲ್ಲಿ ಟೋಸ್ಕನೀನಿಯ ನಿರ್ದೇಶನದಲ್ಲಿ ನೂರಾರು ಕಂಠಗಳು ಆ ವಾಗ್ಗೇಯಕಾರನದೇ ವೃಂದಗೀತವೊಂದನ್ನು ಹಾಡಿ ಅವನನ್ನು ಬೀಳ್ಕೊಟ್ಟವು. ಹಾಡಿದವನನ್ನೂ ಹಾಡು ಕಟ್ಟಿದವನನ್ನೂ ಮೇಳವನ್ನು ನಡೆಸಿದವನನ್ನೂ ಆ ಜನ ಮರೆಯಲಿಲ್ಲ. ನಮಗೂ ಅಂತಹ ಮೂವರಿದ್ದರು. ಅವರನ್ನು ನಾವು ನೆನೆದಿದ್ದೇವೆಯೆ?

ನಮ್ಮ ಸಂಗೀತ ನಾಟಕದ ಕಥೆ ತೀರ ಹಳೆಯದೇನೂ ಅಲ್ಲ. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಮರಾಠಿ ‘ಸಂಗೀತ ಶಾಕುಂತಲ’ವನ್ನು ಆಡಿಸಿದರು. ಆ ದಶಕದಲ್ಲಿಯೇ ಮೈಸೂರು ಅರಮನೆಯ ಆಶ್ರಯದ ನಾಟಕ ಮಂಡಲಿಗಾಗಿ ಬಸವಪ್ಪಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು; 1884ರಲ್ಲಿ ಗುಬ್ಬಿಯ ಕಂಪನಿ ಹುಟ್ಟಿತು. ಅಂದಿನ ನಟ ಮೊದಲು ಗಾಯಕನಾಗಿರಬೇಕಾಗಿತ್ತು. ಧ್ವನಿವರ್ಧಕವಿಲ್ಲದ ಕಾಲ, ನೆಲದ ಮೇಲೆ ಕುಳಿತ ಕಟ್ಟಕಡೆಯ ಪ್ರೇಕ್ಷಕನಿಗೂ ಪದ ಸ್ಪಷ್ಟವಾಗಿ ಮುಟ್ಟಬೇಕು. ಆದ್ದರಿಂದ ಏರುಶ್ರುತಿ, ಬಿಚ್ಚುಕಂಠ. ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮೇಷ್ಟರೇ ನಮ್ಮ ಟೋಸ್ಕನೀನಿ. ಅವರ ಕೈ ಮನೆಗಳ ಮೇಲೆ, ಕಣ್ಣು ನಟನ ತುಟಿಯ ಮೇಲೆ. ಅವನು ಉಸಿರೆಳೆದುಕೊಳ್ಳುವಲ್ಲಿ ಸ್ವರ ತುಂಬಿ, ಅವನು ಏರುವಲ್ಲಿ ಬೆಂಬಲವಾಗಿ, ಅವನು ತಪ್ಪಿದಲ್ಲಿ ಮುಚ್ಚಿ, ಬೆಳಗಿನ ಜಾವದವರೆಗೆ ಆಟವನ್ನು ದಡ ಸೇರಿಸುತ್ತಿದ್ದವರು ಅವರು. ಭಿತ್ತಿಪತ್ರಗಳಲ್ಲಿ ಅವರ ಹೆಸರು ನಾಯಕನಟನ ಹೆಸರಿನಷ್ಟು ದಪ್ಪವಾಗಿರುತ್ತಿರಲಿಲ್ಲ, ಅಷ್ಟೆ.

ನಾಯಕನಟರಲ್ಲಿ ಅಗ್ರಗಣ್ಯರು ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರು (1869–1926). ‘ಪ್ರಹ್ಲಾದ’ ನಾಟಕದಲ್ಲಿ ಅವರು ವಹಿಸುತ್ತಿದ್ದ ಹಿರಣ್ಯಕಶಿಪುವಿನ ಪಾತ್ರ ಮನೆಮಾತಾಗಿತ್ತು. ತಾತ ಅವರನ್ನು ಕಂಡವರಲ್ಲ, ಕಂಡವರಿಂದ ಕೇಳಿದ್ದವರು. ಆದರೂ ಆ ಹೆಸರು ಬಂದರೆ ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಗ್ರಾಮಫೋನ್ ತಟ್ಟೆ ಇಂತಹ ಕಂಠಗಳನ್ನು ಉಳಿಸಬಹುದಿತ್ತಲ್ಲ ಎಂದರೆ, ಅಂದಿನ ತಟ್ಟೆಯ ಒಂದು ಮುಖಕ್ಕೆ ಸಿಗುತ್ತಿದ್ದುದು ಸುಮಾರು ಮೂರು ನಿಮಿಷ. ಪ್ರೇಕ್ಷಕರ ‘ಒನ್ಸ್ ಮೋರ್’ ಕೂಗಿಗೆ ಮಣಿದು ಮತ್ತೆ ಮತ್ತೆ ಬೇರೆ ಬೇರೆಯಾಗಿ ಅರಳುತ್ತಿದ್ದ ರಂಗಗೀತೆಯನ್ನು ಆ ಮೂರು ನಿಮಿಷ ಹಿಡಿಯಬಲ್ಲುದೆ?

ಕಂಠ ಹೋದ ಮೇಲೆ ಉಳಿಯುವುದು ಕೇಳಿದವರ ನೆನಪು. ಅದನ್ನು ಬರೆದಿಡುವ ಹಿರಿಯ ಪರಂಪರೆ ನಮ್ಮಲ್ಲಿದೆ. ಮೈಸೂರು ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಬರೆದರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ‘ಜ್ಞಾಪಕ ಚಿತ್ರಶಾಲೆ’ಯ ಒಂದು ಸಂಪುಟವನ್ನೇ ‘ಕಲೋಪಾಸಕರು’ ಎಂದು ಕರೆದರು. ಮಾಲೂರು ಸೀಮೆಯ ಮಾಸ್ತಿಯವರು 1928ರ ‘ಸುಬ್ಬಣ್ಣ’ದಲ್ಲಿ ಸಂಗೀತಗಾರನೊಬ್ಬನ ಬಾಳನ್ನೇ ಕಥೆಯಾಗಿಸಿದರು. ಮಾಸ್ತಿಯವರ ಮನೆಮಾತು ತಮಿಳೆಂಬುದನ್ನು ಇಲ್ಲಿ ನೆನೆಯಬೇಕು. ಈ ಗಡಿಸೀಮೆಯಲ್ಲಿ ಕನ್ನಡ ಬಹುಮಂದಿಗೆ ತೊಟ್ಟಿಲಲ್ಲಿ ದೊರೆತ ಭಾಷೆಯಲ್ಲ, ಒಲಿದು ಪಡೆದ ಭಾಷೆ. ಹಾಡಿನ ಮೂಲಕ ಒಲಿಸುವ ಈ ಕೆಲಸ ಹದಿನೈದನೆಯ ಶತಮಾನದಷ್ಟು ಹಿಂದಿನದು. ಮುಳಬಾಗಿಲಿನ ಶ್ರೀಪಾದರಾಜರು ವೇಣುಗೀತ, ಗೋಪೀಗೀತ, ಭ್ರಮರಗೀತಗಳನ್ನು ಕನ್ನಡದಲ್ಲಿ ಹಾಡಿದಾಗಲೇ ಅದು ನಡೆದಿತ್ತು. ಕಂಪನಿಯ ಗಾಯಕರು ಅದನ್ನು ದೀಪದ ಬೆಳಕಿಗೆ ತಂದು ಜನಸಾಮಾನ್ಯರ ನಾಲಗೆಗೆ ಹತ್ತಿಸಿದರು.

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಹೇಳಬೇಕು. ಕನ್ನಡ ಎಂ.ಎ. ಓದುತ್ತಿದ್ದ ಕಾಲದಲ್ಲಿ ರಜೆಗೆ ಊರಿಗೆ ಹೋಗಿದ್ದೆ. ತಾತ ಹಾಡುತ್ತಿದ್ದರು. ಒಂದೆಡೆ ಪದದ ಕೊನೆಯ ಅಕ್ಷರವನ್ನು ನುಂಗಿ ಮುಂದಿನ ಪದವನ್ನು ಎಳೆದರು. ಹೊಸ ಪಾಂಡಿತ್ಯದ ಹುರುಪಿನಲ್ಲಿ ನಾನು, “ಅದು ಹಾಗಲ್ಲ ತಾತ, ಅರ್ಥ ಕೆಡುತ್ತದೆ” ಎಂದು ತಿದ್ದಿದೆ. ಅವರು ಕೋಪಿಸಿಕೊಳ್ಳಲಿಲ್ಲ. “ಓದಿದವನು ನೀನು” ಎಂದು ಸುಮ್ಮನಾದರು. ಆಮೇಲೆ ನನ್ನೆದುರಿಗೆ ಅವರು ಹಾಡಲೇ ಇಲ್ಲ. ಎರಡು ವರ್ಷಗಳಲ್ಲಿ ತೀರಿಕೊಂಡರು. ಒಂದು ಹಾಡನ್ನೂ ನಾನು ಬರೆದುಕೊಂಡಿರಲಿಲ್ಲ.

ಈಚೆಗೆ ಕೋಲಾರದಲ್ಲಿ ವಯೋವೃದ್ಧರಾದ ಒಬ್ಬ ಹಾರ್ಮೋನಿಯಂ ಮೇಷ್ಟರ ಪರಿಚಯವಾಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಇಂದಿಗೂ ರೈತರು ಸೇರಿ ‘ಕುರುಕ್ಷೇತ್ರ’ ಆಡುವುದುಂಟು. ಅವರಿಗೆ ಹಾಡು ಕಲಿಸುವವರು ಇವರು. ನನಗೆ ನೆನಪಿದ್ದ ಆ ಒಂದೇ ಸಾಲನ್ನು, ತಿದ್ದಿದ ರೂಪದಲ್ಲಿ, ಅವರೆದುರು ಹೇಳಿದೆ. ಮೇಷ್ಟರು ತಲೆಯಲ್ಲಾಡಿಸಿದರು. “ಸ್ವಾಮಿ, ಹಾಗೆ ಹೇಳಿದರೆ ಮೇಲಿನ ಷಡ್ಜಕ್ಕೆ ಹೋಗಲು ಉಸಿರೆಲ್ಲಿರುತ್ತದೆ? ಆ ಅಕ್ಷರ ನುಂಗಿ ಉಸಿರು ತೆಗೆದುಕೊಳ್ಳಬೇಕು. ಹಾಡುವವರು ಕಲಿತದ್ದೇ ಹಾಗೆ” ಎಂದರು, ಬಾರಿಸಿ ತೋರಿಸಿದರು.

ನಾನು ಅಜ್ಞಾನವೆಂದು ಬಗೆದದ್ದು ಎಂದೋ ಅಳಿದ ಗಾಯಕನೊಬ್ಬನ ಉಸಿರಿನ ಗುರುತಾಗಿತ್ತು. ತಾತ ಅದನ್ನು ಅರ್ಧಶತಮಾನಕ್ಕೂ ಮಿಕ್ಕಿ ಜೋಪಾನವಾಗಿ ಕಾಯ್ದಿದ್ದರು. ಪಂಡಿತನಾದ ಮೊಮ್ಮಗ ಒಂದು ಮಾತಿನಲ್ಲಿ ಅದನ್ನು ಅಳಿಸಿದ.

ಈಗ ನನ್ನ ವಿದ್ಯಾರ್ಥಿಗಳಿಗೆ ರಜೆಯಲ್ಲಿ ಒಂದೇ ಕೆಲಸ ಹೇಳುತ್ತೇನೆ: ಮನೆಯ ಹಿರಿಯರ ಬಳಿ ಕುಳಿತು ಅವರಿಗೆ ಬರುವ ಒಂದು ರಂಗಗೀತೆಯನ್ನು, ಬಂದಂತೆಯೇ, ಬರೆದುಕೊಂಡು ಬನ್ನಿ. ಅವರ ಜೇಬಿನ ಫೋನುಗಳು ಧ್ವನಿಯನ್ನೂ ಹಿಡಿಯುತ್ತವೆ. ಮೂರೇ ನಿಮಿಷವೆಂಬ ಕಟ್ಟು ಇಂದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ತನ್ನಿ, ತಿದ್ದಬೇಡಿ ಎಂದು ಮಾತ್ರ ಎರಡು ಸಲ ಹೇಳುತ್ತೇನೆ.