ಗನ್ ಕೊಳ್ಳುವವನ ಊರು ಯಾವುದು?

ಅಮೆರಿಕದಲ್ಲಿ ಎಲ್ಲಾದರೂ ಗುಂಡಿನ ಸದ್ದು ಕೇಳಿತು ಅಂದ್ರೆ ಸಾಕು, ನಮ್ಮ ಸ್ಟುಡಿಯೋ ಚರ್ಚೆಯಲ್ಲಿ ಒಂದು ಮಾತು ಬಂದೇ ಬರುತ್ತೆ. 'ಅಲ್ಲಿ ಗನ್ ಕೊಳ್ಳೋದು ಸಂತೆಯಲ್ಲಿ ಸೌತೆಕಾಯಿ ಕೊಂಡಷ್ಟೇ ಸುಲಭ ಸಾರ್!' ನೋಡಿ, ಇದು ಅರ್ಧ ನಿಜ. ತನ್ನ ರಾಜ್ಯ ಬಿಟ್ಟು ಪಕ್ಕದ ರಾಜ್ಯದಲ್ಲಿ ಕೊಳ್ಳೋಕೆ ಹೋದರೆ ಕಥೆಯೇ ಬೇರೆ. ನಮ್ಮ ಮಕ್ಕಳು ಅಲ್ಲಿ ಓದ್ತಿದ್ದಾರೆ, ಕೆಲಸ ಮಾಡ್ತಿದ್ದಾರೆ. ಹಾಗಾಗಿ ಇದನ್ನು ಬಿಡಿಸಿ ಹೇಳ್ತೀನಿ.

ಈ ಬೇಲಿ ಹಾಕಿದ್ದು ಯಾಕೆ? 1963ರ ಮಾರ್ಚ್‌ನಲ್ಲಿ ಡಲ್ಲಾಸ್‌ನಲ್ಲಿದ್ದ ಲೀ ಹಾರ್ವೆ ಆಸ್ವಾಲ್ಡ್ ಸುಳ್ಳು ಹೆಸರಲ್ಲಿ ಜಾಹೀರಾತಿನ ಕೂಪನ್ ತುಂಬಿ, ಶಿಕಾಗೋದ ಅಂಗಡಿಯಿಂದ ಅಂಚೆಯಲ್ಲಿ ಒಂದು ರೈಫಲ್ ತರಿಸಿಕೊಂಡ. ಅಂಚೆ ವೆಚ್ಚ ಸೇರಿ 21 ಡಾಲರ್ 45 ಸೆಂಟ್. ಅದೇ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಹತ್ಯೆಯಾಯಿತು. ಗುಂಡು ಹಾರಿದ್ದು ಆ ರೈಫಲ್‌ನಿಂದಲೇ ಅಂತ ವಾರನ್ ಆಯೋಗ ಹೇಳಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಕೂಡ ಗುಂಡಿಗೆ ಬಲಿಯಾದರು. ಅದೇ ವರ್ಷ ಗನ್ ಕಂಟ್ರೋಲ್ ಆ್ಯಕ್ಟ್ ಬಂತು. ಅಂಚೆಯಲ್ಲಿ ಮನೆ ಬಾಗಿಲಿಗೆ ಬಂದೂಕು ಬರೋದು ನಿಂತಿತು.

ಈಗ ನಿಯಮ ಕೇಳಿ. ನ್ಯೂಜೆರ್ಸಿಯವನೊಬ್ಬ ಪೆನ್ಸಿಲ್ವೇನಿಯಾದ ಅಂಗಡಿಯಲ್ಲಿ ಪಿಸ್ತೂಲು ನೋಡಿ ಮೆಚ್ಚಿದ ಅಂತಿಟ್ಟುಕೊಳ್ಳಿ. ದುಡ್ಡು ಕೊಡಬಹುದು, ಆದರೆ ಕೈಗೆ ತಗೊಂಡು ಬರೋ ಹಾಗಿಲ್ಲ. ಅಂಗಡಿಯವನು ಅದನ್ನು ನ್ಯೂಜೆರ್ಸಿಯ ಲೈಸೆನ್ಸ್ ಪಡೆದ ಡೀಲರ್‌ಗೆ ಕಳಿಸಬೇಕು. ಕೊಳ್ಳುವವನು ತನ್ನ ರಾಜ್ಯದ ನಿಯಮದಂತೆ ಅಲ್ಲಿಂದ ಪಡೆಯಬೇಕು. ರೈಫಲ್, ಶಾಟ್‌ಗನ್‌ಗೆ 1986ರ ತಿದ್ದುಪಡಿಯಿಂದ ಸ್ವಲ್ಪ ಸಡಿಲಿಕೆ ಇದೆ. ಹೊರ ರಾಜ್ಯದ ಡೀಲರ್ ಹತ್ತಿರ ಖುದ್ದಾಗಿ ಹೋಗಿ ಕೊಳ್ಳಬಹುದು. ಷರತ್ತು ಒಂದೇ, ಎರಡೂ ರಾಜ್ಯಗಳ ಕಾನೂನು ಅದಕ್ಕೆ ಒಪ್ಪಬೇಕು. ಡೀಲರ್ ಮುಂದೆ 4473 ಅನ್ನೋ ಫಾರಂ ತುಂಬಬೇಕು, ಹಿನ್ನೆಲೆ ಪರಿಶೀಲನೆ ಆಗಬೇಕು.

ಇನ್ನು ಬೇರೆ ಬೇರೆ ರಾಜ್ಯಗಳ ಇಬ್ಬರು ಖಾಸಗಿ ವ್ಯಕ್ತಿಗಳು? ಅವರು ನೇರವಾಗಿ ಕೊಟ್ಟು ತಗೊಳ್ಳೋ ಹಾಗೇ ಇಲ್ಲ, ನಡುವೆ ಡೀಲರ್ ಇರಲೇಬೇಕು. ಉಡುಗೊರೆಗೂ ಇದೇ ನಿಯಮ. ಉಯಿಲಿನಿಂದ, ವಾರಸುದಾರಿಕೆಯಿಂದ ಬಂದ ಗನ್‌ಗೆ ಮಾತ್ರ ವಿನಾಯಿತಿ.

ಸಂಭಾವಿತರು ಎಡವೋದು ಎಲ್ಲಿ ಅಂತೀರಾ? ವರ್ಜೀನಿಯಾದ ಮಾಜಿ ಪೊಲೀಸ್ ಬ್ರೂಸ್ ಅಬ್ರಾಮ್ಸ್ಕಿ 2009ರಲ್ಲಿ ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಅಂಕಲ್‌ಗೋಸ್ಕರ ಒಂದು ಗ್ಲಾಕ್ ಪಿಸ್ತೂಲು ಕೊಂಡ. ಪೊಲೀಸರಿಗೆ ರಿಯಾಯಿತಿ ಸಿಗುತ್ತಲ್ಲ, ಅದಕ್ಕೆ. ಅಂಕಲ್‌ಗೆ ಗನ್ ಹೊಂದೋ ಅರ್ಹತೆ ಇತ್ತು. ಪೆನ್ಸಿಲ್ವೇನಿಯಾದ ಡೀಲರ್ ಮೂಲಕವೇ ಹಸ್ತಾಂತರವೂ ಆಯಿತು. ಆದರೂ ಶಿಕ್ಷೆಯಾಯಿತು! ಕಾರಣ, 'ನಿಜವಾದ ಖರೀದಿದಾರ ನೀವೇನಾ?' ಅನ್ನೋ ಪ್ರಶ್ನೆಗೆ ಆತ 'ಹೌದು' ಅಂತ ಬರೆದಿದ್ದ. ದುಡ್ಡು ಅಂಕಲ್‌ದು. 2014ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು.

ನನ್ನ ತಕರಾರು ಏನು ಗೊತ್ತಾ? ಗಡಿಯಲ್ಲಿ ಇಷ್ಟು ಬಿಗಿ ಇರೋ ಕಾನೂನು ಗಡಿಯೊಳಗೆ ಬಾಗಿಲು ತೆರೆದಿಟ್ಟಿದೆ. ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಮಾರಾಟ ಮಾಡಿಕೊಂಡರೆ ಫೆಡರಲ್ ಕಾನೂನಿನಡಿ ಪರಿಶೀಲನೆ ಕಡ್ಡಾಯವೇ ಅಲ್ಲ. ಕೆಲವು ರಾಜ್ಯಗಳು ತಾವೇ ಕಡ್ಡಾಯ ಮಾಡಿಕೊಂಡಿವೆ, ಅನೇಕ ರಾಜ್ಯಗಳು ಮಾಡಿಲ್ಲ. ಆ 'ಸೌತೆಕಾಯಿ' ಮಾತು ನಿಜವಾಗೋದು ಇಲ್ಲೇ.

ಆದರೆ ನಮ್ಮವರು ಈ ಸಡಿಲಿಕೆ ನಂಬಿ ಮೈಮರೆಯಬಾರದು. ಗ್ರೀನ್ ಕಾರ್ಡ್ ಇದ್ದವರಿಗೆ ನಾಗರಿಕರ ಹಾಗೇ ನಿಯಮ. ಆದರೆ ಎಚ್-1ಬಿ, ವಿದ್ಯಾರ್ಥಿ ವೀಸಾದವರಿಗೆ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟರೆ ಗನ್ ಕೊಳ್ಳೋದಿರಲಿ, ಇಟ್ಟುಕೊಳ್ಳೋದೇ ಅಪರಾಧ. ಜೈಲಾಗಬಹುದು, ಗಡೀಪಾರೂ ಆಗಬಹುದು. ಮಗನೋ ಮಗಳೋ ಅಲ್ಲಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ: 'ಫ್ರೆಂಡ್ ಕೊಡಿಸ್ತಾನೆ, ಪಕ್ಕದ ಸ್ಟೇಟ್‌ನಲ್ಲಿ ಅಗ್ಗ ಅಂತ ಯಾರಾದ್ರೂ ಅಂದ್ರೆ, ಮೊದಲು ವಕೀಲರನ್ನು ಕೇಳು.'